ಚಳಿ ಇದೆ ಅಂತ ಕಣದ ಬಿಸಿಲನ್ನು ನಂಬಬೇಡಿ

ಜನವರಿಯಲ್ಲಿ ಕೊಡಗಿನ ಸುಂಟಿಕೊಪ್ಪದ ಕಡೆ ಯಾವ ತೋಟಕ್ಕೆ ಹೋದರೂ ಇದೇ ಮಾತು: "ಇಷ್ಟು ಚಳಿ ಇದೆ, ಬಿಸಿಲು ಏನು ಮಾಡುತ್ತೆ?" ಮಾಡುತ್ತೆ. ಚರ್ಮ ಕೆಡಿಸುವುದು ಬಿಸಿಲಿನ ಕಾವಲ್ಲ, ಅದರಲ್ಲಿರುವ ಅತಿನೇರಳೆ ಕಿರಣ. ಅದು ಮೈಗೆ ಗೊತ್ತೇ ಆಗುವುದಿಲ್ಲ. ತಣ್ಣನೆ ಗಾಳಿ ಬೀಸುತ್ತಿದ್ದರೂ ಬೀಳುತ್ತದೆ, ತೆಳು ಮೋಡ ಇದ್ದರೂ ಬಹುಪಾಲು ಇಳಿದು ಬರುತ್ತದೆ, ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಶೇ. 10ರಷ್ಟು ಜಾಸ್ತಿಯೂ ಆಗುತ್ತದೆ. ಮಡಿಕೇರಿ ಆ ಎತ್ತರ ದಾಟಿದೆ ನೋಡಿ.

ಕಾಫಿ ಕುಯ್ಯುವವರಿಗೆ ಸಿಲ್ವರ್ ಓಕ್, ಹಲಸಿನ ಮರದ ನೆರಳಾದರೂ ಇದೆ. ಕಣದಲ್ಲಿ ಕಾಫಿ ಹಣ್ಣು ಒಣಗಲು ಹರಡಿ ಕೈಯಾಡಿಸುವವರಿಗೆ ಏನಿದೆ? ಶುಂಠಿ ಹೊಲದವರಿಗೂ ರಸ್ತೆ ಕೆಲಸದವರಿಗೂ ಇದೇ ಪಾಡು. ಅದಕ್ಕೇ ಕ್ರೀಮ್ ಕೊಳ್ಳುವ ಮೊದಲು ಕೆಲಸದ ಹೊತ್ತು ಬದಲಿಸಿ.

ಕುಯ್ಲಿನ ಕಾಲದಲ್ಲಿ ನಮ್ಮಲ್ಲಿ ಸೂರ್ಯ ಪೂರ್ತಿ ಮೇಲೆ ಬರುವುದು 12ಕ್ಕಲ್ಲ, 12.30ರ ಆಸುಪಾಸಿಗೆ. ಗಡಿಯಾರ ಬೇಡ, ನೆರಳು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಆಯಿತು ಅಂದರೆ ಬಿಸಿಲು ಜೋರಾಗಿದೆ. ಹರಡುವುದನ್ನು ಬೆಳಿಗ್ಗೆಯೇ ಮುಗಿಸಿ, ರಾಶಿ ಮಾಡುವುದನ್ನು ಮೂರರ ಮೇಲೆ ಇಟ್ಟುಕೊಳ್ಳಿ. ನಡುವೆ ಕೈಯಾಡಿಸಲೇಬೇಕಲ್ಲ, ಅದನ್ನು ಒಬ್ಬರ ತಲೆಗೇ ಕಟ್ಟದೆ ಅರ್ಧ ಗಂಟೆಗೊಬ್ಬರಂತೆ ಸರದಿ ಹಾಕಿ, ಉಳಿದವರಿಗೆ ಶೆಡ್ಡಿನೊಳಗೆ ಚೀಲ ಹೊಲಿಯುವ ಕೆಲಸ ಕೊಡಿ. ಮೇಸ್ತ್ರಿ ಗೊಣಗುತ್ತಾರೆ. ಗೊಣಗಲಿ. ಕಣದ ಅಂಚಿಗೆ ಟಾರ್ಪಾಲಿನ ಚಪ್ಪರ ಇರಲಿ. ಅರ್ಧ ಬೆಳಕು ಬಿಡುವ ಹಸಿರು ನೆಟ್ ಅರ್ಧ ಬಿಸಿಲನ್ನೂ ಬಿಡುತ್ತದೆ.

ಹೆಂಗಸರು ಸೀರೆ ಮೇಲೆ ಗಂಡಸರ ಹಳೇ ತುಂಬುತೋಳಿನ ಶರ್ಟ್ ಹಾಕಿಕೊಳ್ಳುತ್ತಾರಲ್ವಾ, ಅದಕ್ಕಿಂತ ಒಳ್ಳೆ ಉಪಾಯ ಇಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಕಡೆ ಕಂಡರೆ ಅದು ಸಾಲದು. ಕ್ರಿಕೆಟ್ ಟೋಪಿ ನಂಬಿ ನನ್ನ ಕಿವಿ ಸಿಪ್ಪೆ ಎದ್ದಿತ್ತು. ಸುತ್ತಲೂ ಅಂಚಿರುವ ಟೋಪಿಯೇ ಬೇಕು, ಇಲ್ಲದಿದ್ದರೆ ಕಿವಿ, ಕುತ್ತಿಗೆ ಮುಚ್ಚುವ ಹಾಗೆ ಟವೆಲ್ ಸುತ್ತಿ.

ಉಳಿದ ಜಾಗಕ್ಕೆ ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30ರ ಸನ್‌ಸ್ಕ್ರೀನ್. ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಬೇಕು, ಬೆವರಿಗೆ ಹೋಗುತ್ತದೆ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕೂಲಿ ಆಳು ದುಡ್ಡು ಕೊಟ್ಟು ಕೊಳ್ಳಲಿ ಅಂದರೆ ಆಗದ ಮಾತು, ಔಷಧಿ ಸ್ಪ್ರೇ ಮಾಡುವವರಿಗೆ ಗ್ಲೌಸ್ ಕೊಡುವ ಹಾಗೆ ತೋಟದವರೇ ಕೊಡಬೇಕು.

ಕಪ್ಪು ಚರ್ಮಕ್ಕೆ ಬಿಸಿಲಿಂದ ಬರುವ ಕ್ಯಾನ್ಸರ್ ಕಡಿಮೆ, ನಿಜ. ಆದರೆ ಬಂದಾಗ ಯಾರಿಗೂ ಅನುಮಾನವೇ ಬರುವುದಿಲ್ಲ, ಅಷ್ಟರಲ್ಲಿ ತಡವಾಗಿರುತ್ತದೆ. ಹುಟ್ಟಿನಿಂದ ಮೈ, ಕೂದಲು ಎಲ್ಲಾ ಬೆಳ್ಳಗಿರುವವರಿಗಂತೂ ಅಪಾಯ ತುಂಬಾ ಜಾಸ್ತಿ, ಅವರನ್ನು ಕಣಕ್ಕೆ ಕಳಿಸಲೇಬೇಡಿ. ಕಿವಿ, ಮೂಗು, ಹಳೇ ಸುಟ್ಟ ಗಾಯದ ಕಲೆ ಇವುಗಳ ಮೇಲೆ ಹುಣ್ಣಾಗಿ ತಿಂಗಳಾದರೂ ಮಾಯದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಅಂಗಾಲು, ಉಗುರಿನಡಿ ಕಪ್ಪು ಮಚ್ಚೆ ಬೆಳೆಯುತ್ತಿದ್ದರೂ ತೋರಿಸಿ. ಅಲ್ಲಿನ ಕ್ಯಾನ್ಸರ್ ಬಿಸಿಲಿಂದ ಬರುವುದಲ್ಲ, ಆದರೂ ಮಚ್ಚೆಯಾಗಿ ಬರುವ ಕ್ಯಾನ್ಸರ್ ನಮ್ಮವರಲ್ಲಿ ಕಾಣುವ ಜಾಗ ಅದು. ಎಲೆಅಡಿಕೆ ಹಾಕುವವರು ಕೆಳತುಟಿಯ ಹುಣ್ಣನ್ನು "ಸುಣ್ಣ ತಾಗಿರಬೇಕು" ಅಂತ ಸುಮ್ನೆ ಬಿಡುತ್ತಾರೆ. ಬಿಡಬೇಡಿ.