ಜೂಲಿಯ ಕುಶಿಂಗ್ ಕಾಯಿಲೆ: ಚಿಕಿತ್ಸೆ ಬೇಕೇ, ಬೇಕಾದರೆ ಯಾವುದು?

ಪರಿಚಯದವರು ಫೋನ್ ಮಾಡಿ, "ನಿಮ್ಮ ಜೂಲಿಗೆ ಯಾವ ಮಾತ್ರೆ ಕೊಡುತ್ತಿದ್ದೀರಿ? ನಮ್ಮ ನಾಯಿಗೂ ಅದೇ ಕಾಯಿಲೆಯಂತೆ" ಎಂದು ಕೇಳುತ್ತಾರೆ. ಹೆಸರು ಹೇಳುವುದು ಸುಲಭ. ಆದರೆ ಆ ಮಾತ್ರೆಯವರೆಗೆ ನಾವು ಬಂದ ದಾರಿಯನ್ನು ಹೇಳದೆ ಹೆಸರು ಮಾತ್ರ ಹೇಳಿದರೆ ಅವರ ನಾಯಿಗೆ ಅನ್ಯಾಯವಾಗುತ್ತದೆ. ದೇಹದ ಒಂದು ಹಾರ್ಮೋನು ಮಿತಿಮೀರಿ ಬರುವ ಈ ಕುಶಿಂಗ್ ಕಾಯಿಲೆ ಇದೆ ಎಂದು ವರದಿ ಬಂದ ಮಾತ್ರಕ್ಕೆ ಚಿಕಿತ್ಸೆ ಶುರು ಮಾಡಲೇಬೇಕೆಂದಿಲ್ಲ. ಶುರು ಮಾಡಿದರೆ ಅರ್ಧ ಮನಸ್ಸಿನಿಂದ ಮಾಡುವಂತಿಲ್ಲ.

ಜೂಲಿ ಡ್ಯಾಶ್‌ಹೌಂಡ್. ವಯಸ್ಸು ಹತ್ತು ದಾಟಿದೆ, ತೂಕ ಒಂಬತ್ತು ಕೆ.ಜಿ., ಗರ್ಭಕೋಶದ ಶಸ್ತ್ರಚಿಕಿತ್ಸೆ ಚಿಕ್ಕಂದಿನಲ್ಲೇ ಆಗಿದೆ. ಉಡುಪಿಯಲ್ಲಿ ನಮ್ಮದು ಅಂಗಳ, ಬಾವಿ, ಚಾವಡಿ ಇರುವ ಹಳೆಯ ಮನೆ. ಕರಾವಳಿಯ ಹವೆಯಲ್ಲಿ ಈ ಕಾಯಿಲೆಯ ಒಂದೊಂದು ಲಕ್ಷಣಕ್ಕೂ ಬೇರೊಂದು ವಿವರಣೆ ಸಿದ್ಧವಾಗಿರುತ್ತದೆ. ಮೇ ತಿಂಗಳ ಸೆಕೆಯಲ್ಲಿ ನಾಯಿ ಹೆಚ್ಚು ನೀರು ಕುಡಿದರೆ, ನಾಲಿಗೆ ಚಾಚಿ ಏದುಸಿರು ಬಿಟ್ಟರೆ ಯಾರಿಗೆ ಅನುಮಾನ ಬರುತ್ತದೆ? ಮಳೆಗಾಲದಲ್ಲಿ ಮೈಮೇಲೆ ಕೀವುಗುಳ್ಳೆ ಎದ್ದರೆ ತೇವ ಎನ್ನುತ್ತೇವೆ. ಹೊಟ್ಟೆ ಜೋತುಬಿದ್ದರೆ ತಿಂದದ್ದು ಹೆಚ್ಚಾಯಿತು ಎನ್ನುತ್ತೇವೆ. ಚಾವಡಿಯ ಮೆಟ್ಟಿಲು ಹತ್ತಲು ಅವಳು ಒದ್ದಾಡಿದಾಗ ನಮ್ಮ ಅತ್ತೆ, "ಪ್ರಾಯ ಆಯಿತಲ್ಲ, ಮನುಷ್ಯರಿಗೇ ಆಗುವುದಿಲ್ಲ" ಎಂದರು. ಅನುಮಾನ ಬಂದದ್ದು ಜುಲೈಯಲ್ಲಿ. ಹೊರಗೆ ಜಡಿಮಳೆ, ನೆಲವೆಲ್ಲ ತಣ್ಣಗೆ. ಹಾಗಿದ್ದರೂ ನೀರಿನ ಪಾತ್ರೆ ಖಾಲಿಯಾಗುತ್ತಲೇ ಇತ್ತು. ಅವಳು ರಾತ್ರಿ ಎದ್ದೆದ್ದು ಬಾಗಿಲು ಕೆರೆಯುತ್ತಿದ್ದಳು.

ವೈದ್ಯರು ಮೊದಲು ಹೇಳಿದ್ದು ನೀರು ಅಳೆಯಲು. ನಾಯಿ ದಿನಕ್ಕೆ ತನ್ನ ತೂಕದ ಪ್ರತಿ ಕೆ.ಜಿ.ಗೆ 100 ಮಿಲಿ ಲೀಟರ್‌ಗಿಂತ ಹೆಚ್ಚು ಕುಡಿದರೆ ಅದು ಅತಿ ಬಾಯಾರಿಕೆ. ಜೂಲಿಗೆ ಆ ಗೆರೆ 900 ಮಿಲಿ ಲೀಟರ್. ನಮ್ಮಂತಹ ಮನೆಯಲ್ಲಿ ಈ ಅಳತೆ ಹೇಳಿದಷ್ಟು ಸಲೀಸಲ್ಲ, ಏಕೆಂದರೆ ನಾಯಿ ಬಾವಿಕಟ್ಟೆಯ ಬಕೆಟ್ಟಿನಲ್ಲೂ ಕುಡಿಯುತ್ತದೆ, ಅಂಗಳದ ಹೊಂಡದಲ್ಲೂ ಕುಡಿಯುತ್ತದೆ. ಬಕೆಟ್ಟುಗಳನ್ನೆಲ್ಲ ಮಗುಚಿಟ್ಟೆವು. ಹೊರಗೆ ಕರೆದೊಯ್ಯುವಾಗ ಸರಪಳಿ ಬಿಡಲಿಲ್ಲ. ಬೆಳಿಗ್ಗೆ ಅಳತೆಯ ಜಗ್ಗಿನಿಂದ ಎರಡು ಲೀಟರ್ ತೆಗೆದಿಟ್ಟು, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆದು ಪುಸ್ತಕದಲ್ಲಿ ಬರೆದೆವು. ಊಟದ ಗಂಜಿಯ ತಿಳಿಯನ್ನೂ ಲೆಕ್ಕಕ್ಕೆ ಸೇರಿಸಿದೆವು. ಲೆಕ್ಕ ಒಂದೂಕಾಲು ಲೀಟರಿಗಿಂತ ಕೆಳಗೆ ಇಳಿಯಲೇ ಇಲ್ಲ. ಈ ಪುಸ್ತಕವೇ ಮುಂದೆ ಎಲ್ಲ ಪರೀಕ್ಷೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿತು. ಔಷಧಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು, ಔಷಧಿಗೆ ಮುಂಚೆ ಹೇಗಿತ್ತು ಎಂಬುದು ಕಾಗದದ ಮೇಲೆ ಇರಬೇಕು.

ಕಾಯಿಲೆಯ ಮೂಲ ಇಷ್ಟು: ಮೂತ್ರಪಿಂಡಗಳ ಪಕ್ಕದಲ್ಲಿರುವ ಎರಡು ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಮಾಡುತ್ತವೆ. ಅದು ಮಿತಿಮೀರಿದಾಗ ಈ ಕಾಯಿಲೆ. ಮನುಷ್ಯರಲ್ಲಿ ಇದನ್ನು ವಿವರಿಸಿದ ಅಮೆರಿಕದ ನರಶಸ್ತ್ರತಜ್ಞ ಹಾರ್ವೆ ಕುಶಿಂಗ್ ಅವರ ಹೆಸರೇ ನಾಯಿಗಳ ಕಾಯಿಲೆಗೂ ಬಂದಿದೆ. ನಾಯಿಗಳಲ್ಲಿ ತಾನಾಗಿ ಬರುವ ಕಾಯಿಲೆಯಲ್ಲಿ ಶೇಕಡಾ 80ರಿಂದ 85ರಷ್ಟು ಪ್ರಕರಣಗಳಿಗೆ ಕಾರಣ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿನ ಸಣ್ಣ ಗೆಡ್ಡೆ, ಅದು ಅಡ್ರಿನಲ್ ಗ್ರಂಥಿಗಳನ್ನು ಅತಿಯಾಗಿ ದುಡಿಸುತ್ತದೆ. ಉಳಿದವುಗಳಲ್ಲಿ ಅಡ್ರಿನಲ್ ಗ್ರಂಥಿಯಲ್ಲೇ ಗೆಡ್ಡೆ. ಮೂರನೆಯ ಕಾರಣವೊಂದಿದೆ, ನಮ್ಮ ಕಡೆ ಅದನ್ನು ಮೊದಲು ನೋಡಬೇಕು: ಔಷಧಿಯಾಗಿ ಹೋದ, ಕಾರ್ಟಿಸೋಲಿನಂತೆಯೇ ಕೆಲಸ ಮಾಡುವ ಸ್ಟಿರಾಯ್ಡ್. ತುರಿಕೆಗೆಂದು ಪ್ರತಿ ಮಳೆಗಾಲ ಪ್ರೆಡ್ನಿಸೊಲೋನ್ ಮಾತ್ರೆ ಅಥವಾ ಚುಚ್ಚುಮದ್ದು ಪಡೆಯುವ ನಾಯಿಗಳು ನಮ್ಮಲ್ಲಿ ಬಹಳ. ಕಿವಿಯ ಹನಿಯಲ್ಲಿ, ಚರ್ಮದ ಮುಲಾಮಿನಲ್ಲಿ ಕೂಡ ಸ್ಟಿರಾಯ್ಡ್ ಇರುತ್ತದೆ. ಮನೆಯವರು ಹಚ್ಚಿಕೊಂಡ ಮುಲಾಮನ್ನು ನಾಯಿ ನೆಕ್ಕಿದರೂ ಸಾಕು. ಆ ಕಾರಣದಿಂದ ಬಂದ ಕಾಯಿಲೆಗೆ ಬೇಕಾದದ್ದು ಮಾತ್ರೆಯಲ್ಲ, ಸ್ಟಿರಾಯ್ಡನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ಇಳಿಸಿ ನಿಲ್ಲಿಸುವುದು. ಜೂಲಿಯ ಹಳೆಯ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ ನಾನೂ ವೈದ್ಯರೂ ಒಂದೊಂದಾಗಿ ಓದಿದೆವು. ಯಾವುದರಲ್ಲೂ ಇತ್ತೀಚೆಗೆ ಸ್ಟಿರಾಯ್ಡ್ ಇರಲಿಲ್ಲ.

ರಕ್ತಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಇಲ್ಲ, ಮೂತ್ರಪಿಂಡ ಸರಿಯಿದೆ ಎಂದು ಬಂದಿತು. ಯಕೃತ್ತಿನ ಒಂದು ಕಿಣ್ವ ಮತ್ತು ಕೊಲೆಸ್ಟರಾಲ್ ಏರಿದ್ದವು, ಮೂತ್ರ ನೀರಿನಂತೆ ತೆಳುವಾಗಿತ್ತು. ಇವು ಅನುಮಾನವನ್ನು ಗಟ್ಟಿ ಮಾಡುತ್ತವೆ, ಅಷ್ಟೇ. ಮುಂದಿನದು ಮನೆಯಲ್ಲೇ ಹಿಡಿದ ಬೆಳಗಿನ ಮೂತ್ರದಲ್ಲಿ ಕಾರ್ಟಿಸೋಲ್ ಮತ್ತು ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಅನುಪಾತ. ಮನೆಯಲ್ಲೇ ಏಕೆಂದರೆ, ಆಸ್ಪತ್ರೆಗೆ ಹೋದ ಗಾಬರಿಗೇ ಕಾರ್ಟಿಸೋಲ್ ಏರುತ್ತದೆ. ಡ್ಯಾಶ್‌ಹೌಂಡಿನ ಕಾಲು ಗಿಡ್ಡ, ಪಾತ್ರೆ ಹಿಡಿಯಲು ಜಾಗವಿಲ್ಲ. ಉದ್ದ ಹಿಡಿಯ ಸೌಟು ಕೆಲಸಕ್ಕೆ ಬಂದಿತು. ಈ ಅನುಪಾತ ಸಾಧಾರಣವಾಗಿದ್ದರೆ ಕುಶಿಂಗ್ ಕಾಯಿಲೆ ಇರುವ ಸಾಧ್ಯತೆ ತೀರಾ ಕಡಿಮೆ. ಹೆಚ್ಚಿದ್ದರೆ ಮಾತ್ರ ಮುಂದಿನ ಪರೀಕ್ಷೆ. ನಮ್ಮದು ಹೆಚ್ಚಿತ್ತು.

ಆಮೇಲೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡಿನ ಪರೀಕ್ಷೆ. ತೂಕದ ಪ್ರತಿ ಕೆ.ಜಿ.ಗೆ 0.01 ಮಿಲಿ ಗ್ರಾಂ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು, ಅದಕ್ಕೆ ಮೊದಲು, ನಾಲ್ಕು ಗಂಟೆಯ ನಂತರ ಮತ್ತು ಎಂಟು ಗಂಟೆಯ ನಂತರ ರಕ್ತ ತೆಗೆಯುತ್ತಾರೆ. ಆರೋಗ್ಯವಂತ ನಾಯಿಯಲ್ಲಿ ಎಂಟು ಗಂಟೆಯ ನಂತರವೂ ಕಾರ್ಟಿಸೋಲ್ ತಗ್ಗಿಯೇ ಇರುತ್ತದೆ. ಜೂಲಿಯಲ್ಲಿ ನಾಲ್ಕನೆಯ ಗಂಟೆಗೆ ತಗ್ಗಿ, ಎಂಟನೆಯ ಗಂಟೆಗೆ ಮತ್ತೆ ಏರಿತ್ತು. ಪಿಟ್ಯುಟರಿ ಕಾರಣವಾದಾಗ ಕಾಣುವ ಚಿತ್ರವಿದು. ಮಂಗಳೂರಿಗೆ ಕರೆದೊಯ್ದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಎರಡೂ ಅಡ್ರಿನಲ್ ಗ್ರಂಥಿಗಳು ಸಮನಾಗಿ ದಪ್ಪವಾಗಿದ್ದವು, ಗೆಡ್ಡೆ ಇರಲಿಲ್ಲ. ಒಂದು ಗ್ರಂಥಿಯಲ್ಲಿ ಗೆಡ್ಡೆ ಕಂಡಿದ್ದರೆ ಶಸ್ತ್ರಚಿಕಿತ್ಸೆಯ ಮಾತೇ ಮೊದಲು ಬರುತ್ತಿತ್ತು.

ಕಾಯಿಲೆ ಖಚಿತವಾಯಿತು. ಇನ್ನು ಏನು ಮಾಡುವುದು?

ವೈದ್ಯರು ಕೇಳಿದ ಪ್ರಶ್ನೆ: "ಜೂಲಿಗೆ ಏನು ತೊಂದರೆಯಾಗುತ್ತಿದೆ? ನಿಮಗಲ್ಲ, ಅವಳಿಗೆ." ಲಕ್ಷಣಗಳೇ ಇಲ್ಲದೆ ವರದಿಯಲ್ಲಿ ಮಾತ್ರ ಕಾಯಿಲೆ ಕಂಡ ನಾಯಿಗೆ ಔಷಧಿ ಕೊಡದೆ ಕಾಯುವುದು ಒಪ್ಪಿತವಾದ ಕ್ರಮ. ಚಿಕಿತ್ಸೆಯ ಉದ್ದೇಶ ನಾಯಿಯನ್ನು ಹಾಯಾಗಿ ಇಡುವುದು. ಯಾವ ಮಾತ್ರೆಯೂ ಪಿಟ್ಯುಟರಿಯ ಗೆಡ್ಡೆಯನ್ನು ಕರಗಿಸುವುದಿಲ್ಲ. ಆ ರಾತ್ರಿ ಮನೆಯಲ್ಲಿ ಎಲ್ಲರೂ ಕುಳಿತು ಪಟ್ಟಿ ಮಾಡಿದೆವು. ಬಾಯಾರಿಕೆಯಿಂದ ಅವಳಿಗೆ ನಿದ್ದೆಯಿಲ್ಲ. ಹಿಂಗಾಲಿನಲ್ಲಿ ಬಲವಿಲ್ಲ. ಕೀವುಗುಳ್ಳೆ ಒಣಗಿದರೆ ವಾರದಲ್ಲಿ ಮತ್ತೆ ಏಳುತ್ತದೆ. ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ರಕ್ತದೊತ್ತಡವೂ ಹೆಚ್ಚಿದೆ ಎಂದು ವೈದ್ಯರು ಕಂಡುಕೊಂಡಿದ್ದರು. ಕೂದಲು ಉದುರಿದ್ದಷ್ಟೇ ಆಗಿದ್ದರೆ ನಾನು ಕಾಯುವ ಪಕ್ಷಕ್ಕೆ ಸೇರುತ್ತಿದ್ದೆ. ಅವಳಿಗೆ ತನ್ನ ಬೋಳು ಪಕ್ಕೆಯ ಚಿಂತೆಯಿಲ್ಲ. ಆದರೆ ಉಳಿದದ್ದೆಲ್ಲ ಅವಳ ಕಷ್ಟವೇ. ಚಿಕಿತ್ಸೆ ಕೊಡೋಣ ಎಂದು ನಿಶ್ಚಯವಾದದ್ದು ಆ ಪಟ್ಟಿಯಿಂದ.

ಇನ್ನು ಯಾವ ಚಿಕಿತ್ಸೆ. ಪಿಟ್ಯುಟರಿ ಗೆಡ್ಡೆಯನ್ನೇ ತೆಗೆಯುವ ಶಸ್ತ್ರಚಿಕಿತ್ಸೆ ನೆದರ್‌ಲ್ಯಾಂಡಿನ ಉಟ್ರೆಕ್ಟ್‌ನಂತಹ ಬೆರಳೆಣಿಕೆಯ ಕೇಂದ್ರಗಳಲ್ಲಿ ನಡೆಯುತ್ತದೆ. ಅದು ನಮ್ಮ ಕೈಗೆ ಎಟಕುವುದಲ್ಲ. ಮೆದುಳಿನ ಎಂಆರ್‌ಐ ಬೇಕೇ ಎಂದು ಮಗ ಕೇಳಿದ. ನಡಿಗೆ, ನಡವಳಿಕೆ, ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲದಿರುವಾಗ ಅದರ ಫಲಿತಾಂಶದಿಂದ ನಮ್ಮ ತೀರ್ಮಾನ ಬದಲಾಗುವುದಿಲ್ಲ ಎಂಬ ವೈದ್ಯರ ಮಾತು ನನಗೆ ಸರಿಯೆನಿಸಿತು. ಕೀಟೊಕೊನಜೋಲ್ ಎಂಬ ಶಿಲೀಂಧ್ರನಾಶಕ ಮಾತ್ರೆ ಯಾವ ಔಷಧಿ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ ಕೂಡ, ಅದನ್ನೇ ಕೊಡಿ ಎಂದು ಸಲಹೆ ಬಂದಿತು. ಅದು ಎಲ್ಲ ನಾಯಿಗಳಲ್ಲೂ ಕೆಲಸ ಮಾಡುವುದಿಲ್ಲ, ಯಕೃತ್ತಿಗೆ ಹೊರೆ. ಬಿಟ್ಟೆವು.

ಉಳಿದದ್ದು ಮೈಟೊಟೇನ್ ಮತ್ತು ಟ್ರೈಲೊಸ್ಟೇನ್. ಮೈಟೊಟೇನ್ ಹಳೆಯ ಔಷಧಿ, ಡಿಡಿಟಿ ಕೀಟನಾಶಕದ ರಾಸಾಯನಿಕ ಕುಟುಂಬದ್ದು. ಅದು ಅಡ್ರಿನಲ್ ಗ್ರಂಥಿಯ ಹೊರಪದರವನ್ನು ನಾಶಮಾಡಿ ಕಾರ್ಟಿಸೋಲನ್ನು ತಗ್ಗಿಸುತ್ತದೆ. ಟ್ರೈಲೊಸ್ಟೇನ್ ಗ್ರಂಥಿಯನ್ನು ಹಾಗೆಯೇ ಬಿಟ್ಟು, ಕಾರ್ಟಿಸೋಲ್ ತಯಾರಿಕೆಗೆ ಬೇಕಾದ ಕಿಣ್ವವನ್ನು ಕೆಲವು ಗಂಟೆಗಳ ಕಾಲ ತಡೆಯುತ್ತದೆ. ಅಮೆರಿಕದಲ್ಲಿ ನಾಯಿಗಳಿಗೆ ಇದಕ್ಕೆ 2008ರಲ್ಲಿ ಅನುಮತಿ ಸಿಕ್ಕಿತು. ನಮ್ಮ ಆಯ್ಕೆಗೆ ಒಂದೇ ಕಾರಣ ಸಾಕಾಯಿತು: ಡೋಸು ಹೆಚ್ಚಾಯಿತು ಅನಿಸಿದರೆ ಟ್ರೈಲೊಸ್ಟೇನನ್ನು ನಿಲ್ಲಿಸಬಹುದು, ನಿಲ್ಲಿಸಿದರೆ ಅದರ ಪರಿಣಾಮ ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಅಪರೂಪಕ್ಕೆ ಗ್ರಂಥಿಗೆ ಶಾಶ್ವತ ಹಾನಿಯೂ ಆಗುತ್ತದೆ ಎಂದು ವೈದ್ಯರು ಮುಚ್ಚಿಡದೆ ಹೇಳಿದರು.

ಔಷಧಿಗಿಂತ ಮುಂಚೆ ಮನೆಯನ್ನು ನೋಡಿಕೊಳ್ಳಬೇಕಿತ್ತು. ಹನ್ನೆರಡು ಗಂಟೆಗೊಮ್ಮೆ, ಊಟದೊಂದಿಗೆ, ತಪ್ಪದೆ ಕೊಡುವವರು ಯಾರು? ಕುಟುಂಬದ ಮನೆಯ ದೈವದ ನೇಮಕ್ಕೆಂದು ಎಲ್ಲರೂ ರಾತ್ರಿಯಿಡೀ ಹೊರಗಿದ್ದರೆ? ಆಗ ಸೊಸೆ ಬಸುರಿ. ಗರ್ಭಿಣಿಯರು ಈ ಔಷಧಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಕ್ಯಾಪ್ಸೂಲನ್ನು ಯಾರೂ ಬಿಡಿಸಬಾರದು. ಹಾಗಾಗಿ ಡಬ್ಬಿ ನನ್ನ ಕಪಾಟಿಗೆ ಹೋಯಿತು. ನಾನಿಲ್ಲದ ದಿನ ನಮ್ಮವರು ಕೊಡುವುದೆಂದು ಗೊತ್ತುಪಡಿಸಿಕೊಂಡೆವು. ಊರಿನ ಔಷಧಿ ಅಂಗಡಿಗಳಲ್ಲಿ ಟ್ರೈಲೊಸ್ಟೇನ್ ಸಿಗಲಿಲ್ಲ. ವೈದ್ಯರ ಚೀಟಿಯ ಮೇಲೆ ಹೊರಗಿನಿಂದ ತರಿಸಬೇಕಾಯಿತು. ಮುಂದಿನ ಸರಬರಾಜು ಖಾತ್ರಿಯಾಗುವವರೆಗೆ ಮೊದಲ ಕ್ಯಾಪ್ಸೂಲ್ ಕೊಡುವುದು ಬೇಡವೆಂದು ನಾನೇ ಹಠ ಹಿಡಿದೆ. ಖರ್ಚಿನಲ್ಲಿ ಔಷಧಿಯಷ್ಟೇ ಪಾಲು ಪರೀಕ್ಷೆಗಳದ್ದೂ ಇರುತ್ತದೆ. ಪರೀಕ್ಷೆಗೆ ಹಣವಿಲ್ಲದಿದ್ದರೆ ಈ ಔಷಧಿಯನ್ನು ಶುರು ಮಾಡಬಾರದು ಎಂದು ನಾನು ದೃಢವಾಗಿ ನಂಬುತ್ತೇನೆ.

ಹತ್ತು ಮಿಲಿ ಗ್ರಾಂ, ಬೆಳಿಗ್ಗೆ ಏಳಕ್ಕೆ ಮತ್ತು ಸಂಜೆ ಏಳಕ್ಕೆ. ಬಟ್ಟಲು ಕುಚ್ಚಲಕ್ಕಿ ಅನ್ನ, ಮುಳ್ಳು ತೆಗೆದ ಬೇಯಿಸಿದ ಬೂತಾಯಿ ಮೀನು, ಅದರ ನಡುವೆ ಕ್ಯಾಪ್ಸೂಲ್. ವೈದ್ಯರು ಕೊಟ್ಟ ನಿಯಮ ಒಂದೇ: ಊಟ ಬಿಟ್ಟರೆ ಕ್ಯಾಪ್ಸೂಲ್ ಇಲ್ಲ, ಕೂಡಲೇ ಫೋನ್. ಈ ಕಾಯಿಲೆಯ ನಾಯಿಗೆ ಹಸಿವು ವಿಪರೀತ. ಅಂತಹ ನಾಯಿ ಅನ್ನ ಮೂಸಿ ಮುಖ ತಿರುಗಿಸಿದರೆ ಕಾರ್ಟಿಸೋಲ್ ತೀರಾ ಕೆಳಗಿಳಿದಿದೆ ಎಂದು ಅನುಮಾನಿಸಬೇಕು. ವಾಂತಿ, ಭೇದಿ, ನಡುಕ, ಮಂಕು ಕೂಡ ಅದೇ ಎಚ್ಚರಿಕೆ. ಅಲಕ್ಷ್ಯ ಮಾಡಿದರೆ ಪ್ರಾಣಕ್ಕೆ ಸಂಚಕಾರ. ತುರ್ತಿಗೆಂದು ಅವರು ಪ್ರೆಡ್ನಿಸೊಲೋನ್ ಮಾತ್ರೆ ಬರೆದುಕೊಟ್ಟಿದ್ದರು, ಯಾವಾಗ ಕೊಡಬೇಕೆಂಬುದನ್ನು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದ್ದೆ.

ಎರಡು ವಾರದೊಳಗಿನ ಮೊದಲ ಪರೀಕ್ಷೆ ಚೆನ್ನಾಗಿಯೇ ಬಂದಿತು. ನೀರು ಆಗಲೇ ಇಳಿಯತೊಡಗಿತ್ತು. ಆಮೇಲೆ ಒಂದು ಬೆಳಿಗ್ಗೆ ಅವಳು ಬೂತಾಯಿಯನ್ನು ಮೂಸಿ ಹಿಂದೆ ಸರಿದಳು. ಮಲ ತೆಳ್ಳಗಿತ್ತು. ಅತ್ತೆ, "ಒಂದು ಹೊತ್ತು ಉಪವಾಸ ಬಿದ್ದರೆ ಸರಿಯಾಗುತ್ತದೆ ಮಾರಾಯ್ತಿ" ಎಂದರು. ನಾನು ಕ್ಯಾಪ್ಸೂಲನ್ನು ಡಬ್ಬಿಗೆ ಹಾಕಿ ಫೋನ್ ಮಾಡಿದೆ. ರಕ್ತದಲ್ಲಿ ಸೋಡಿಯಂ ಸ್ವಲ್ಪ ಇಳಿದು, ಪೊಟ್ಯಾಸಿಯಂ ಮೇಲಿನ ಅಂಚಿಗೆ ಬಂದಿತ್ತು. ಕಾರ್ಟಿಸೋಲ್ ಬೇಕಾದದ್ದಕ್ಕಿಂತ ಕಡಿಮೆ. ಡ್ರಿಪ್ ಹಾಕಿ ಮನೆಗೆ ಕಳುಹಿಸಿದರು. ಔಷಧಿಯನ್ನು ಕೆಲವು ದಿನ ನಿಲ್ಲಿಸಿ, ರಕ್ತ ಸರಿಯಾದ ಮೇಲೆ ಬೆಳಗಿನದೊಂದೇ ಕ್ಯಾಪ್ಸೂಲಿಗೆ ಇಳಿಸಿದರು. ಅಷ್ಟೇ ಅವಳಿಗೆ ಸಾಕಾಯಿತು. ನಿಲ್ಲಿಸಬಹುದಾದ ಔಷಧಿಯನ್ನು ಆರಿಸಿದ್ದರ ಬೆಲೆ ಆ ವಾರ ನನಗೆ ತಿಳಿಯಿತು.

ಈಗ ಅವಳು ದಿನಕ್ಕೆ ಅರ್ಧ ಲೀಟರಿನ ಆಸುಪಾಸು ಕುಡಿಯುತ್ತಾಳೆ. ರಾತ್ರಿ ಮಲಗುತ್ತಾಳೆ. ಕೀವುಗುಳ್ಳೆ ಈ ಮಳೆಗಾಲ ಏಳಲಿಲ್ಲ. ಕೂದಲು ಮಾತ್ರ ತಿಂಗಳುಗಟ್ಟಲೆ ತೆಗೆದುಕೊಂಡಿತು, ಅದಕ್ಕಾಗಿ ಡೋಸು ಹೆಚ್ಚಿಸಿ ಎಂದು ಯಾರೂ ವೈದ್ಯರನ್ನು ಒತ್ತಾಯಿಸಬಾರದು. ಒಂದು ವಿಷಯಕ್ಕೆ ನಾವು ಸಿದ್ಧರಿರಲಿಲ್ಲ: ಕಾರ್ಟಿಸೋಲ್ ಇಳಿದ ಮೇಲೆ ಅವಳ ಬೆನ್ನುನೋವು ಹೊರಗೆ ಬಂದಿತು. ಹೆಚ್ಚಿದ ಕಾರ್ಟಿಸೋಲ್ ಅಷ್ಟು ದಿನ ನೋವನ್ನು ಮುಚ್ಚಿಟ್ಟಿತ್ತು. ಉದ್ದ ಬೆನ್ನಿನ ತಳಿಯಲ್ಲಿ ಇದು ಸಣ್ಣ ವಿಷಯವಲ್ಲ. ಮೆಟ್ಟಿಲಿಗೆ ಇಳಿಜಾರು ಹಲಗೆ ಹಾಕಿದ್ದೇವೆ, ನೋವಿನ ಮಾತ್ರೆಯನ್ನು ವೈದ್ಯರು ಮೂತ್ರಪಿಂಡದ ವರದಿ ನೋಡಿ ಕೊಟ್ಟಿದ್ದಾರೆ.

ಮುಂದಿನದನ್ನೂ ಮಾತಾಡಿಟ್ಟುಕೊಂಡಿದ್ದೇವೆ. ಚಿಕಿತ್ಸೆ ಪಡೆದ ನಾಯಿಗಳು ಸಾಮಾನ್ಯವಾಗಿ ಎರಡು ವರ್ಷ, ಕೆಲವು ಅದಕ್ಕಿಂತ ಹೆಚ್ಚು ಬದುಕುತ್ತವೆ. ಗೆಡ್ಡೆ ದೊಡ್ಡದಾಗಿ ಅವಳು ಸುತ್ತಲಾರಂಭಿಸಿದರೆ, ಗೋಡೆಗೆ ತಲೆಯೊತ್ತಿ ನಿಂತರೆ, ನಮ್ಮನ್ನು ಗುರುತಿಸದಿದ್ದರೆ ದೂರದ ಊರುಗಳಿಗೆ ಎಳೆದಾಡುವುದಿಲ್ಲ, ಮನೆಯಲ್ಲೇ ಹಾಯಾಗಿಡುತ್ತೇವೆ ಎಂಬುದಕ್ಕೆ ಮಗನೂ ಒಪ್ಪಿದ್ದಾನೆ. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ನಡೆದಿದೆ. ರಕ್ತದೊತ್ತಡ ಇಳಿದಿದೆ, ಮೂತ್ರದ ಪ್ರೋಟೀನ್ ಪೂರ್ತಿ ನಿಂತಿಲ್ಲ. ಅದಕ್ಕೆ ಕೊಡುವ ಎನಾಲಪ್ರಿಲ್ ಮಾತ್ರೆಯೂ ಟ್ರೈಲೊಸ್ಟೇನ್ ಜೊತೆ ಸೇರಿದರೆ ಪೊಟ್ಯಾಸಿಯಂ ಏರಿಸಬಹುದೆಂದು ವೈದ್ಯರು ಇದುವರೆಗೆ ತಡೆದಿದ್ದಾರೆ. ಈ ಸಲದ ವರದಿಯಲ್ಲೂ ಪ್ರೋಟೀನ್ ಹಾಗೆಯೇ ಇದ್ದರೆ ಸಣ್ಣ ಡೋಸಿನಲ್ಲಿ ಶುರು ಮಾಡಿ, ವಾರದೊಳಗೆ ಮತ್ತೆ ರಕ್ತ ನೋಡುವುದೆಂದು ಮಾತಾಗಿದೆ.