ಮಲ್ಟಿಕಾಸ್ಟ್ ಟಿವಿ ನಾಲ್ಕೇ ನಿಮಿಷಕ್ಕೆ ನಿಲ್ಲುತ್ತಿದೆಯೇ? ಹೀಗೆ ಹುಡುಕಿ

ಕಲಬುರಗಿಯ ಲಾಡ್ಜಿನಲ್ಲೋ ಕಾಲೇಜಿನಲ್ಲೋ ನೆಟ್‌ವರ್ಕ್ ಕೇಬಲ್ ಮೇಲೆ ಟಿವಿ ಚಾನೆಲ್ ಓಡಿಸುವವರು ಮಲ್ಟಿಕಾಸ್ಟ್ ಬಳಸುತ್ತಾರೆ. ನೂರು ಟಿವಿ ಇದ್ದರೂ ಹೊರಡುವುದು ಒಂದೇ ಪ್ರತಿ, ದಾರಿ ಕವಲೊಡೆಯುವಲ್ಲಿ ಮಾತ್ರ ನಕಲಾಗುತ್ತದೆ. ಇದು ಕೆಟ್ಟರೆ ನಮ್ಮ ಹುಡುಗರು ಮಾಡುವುದು ಒಂದೇ ಕೆಲಸ, ಕೇಬಲ್‌ಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ಪೆಟ್ಟಿಗೆಯನ್ನು ಆಫ್ ಮಾಡಿ ಆನ್ ಮಾಡುವುದು. ಚಿತ್ರ ಬರುತ್ತದೆ. ದುಡ್ಡು ಇಸ್ಕೊಂಡು ಅವರು ಸೂಪರ್ ಮಾರ್ಕೆಟ್ ದಾಟುವಷ್ಟರಲ್ಲಿ ಮತ್ತೆ ನಿಲ್ಲುತ್ತದೆ.

ಮೊದಲು ಚಾನೆಲ್‌ಗೆ ಕೊಟ್ಟ ಮಲ್ಟಿಕಾಸ್ಟ್ ಐಪಿ ವಿಳಾಸ ನೋಡಿ. 239ರಿಂದ ಶುರುವಾಗುವ ವಿಳಾಸ ಇಡಿ. 224.0.0 ಸಾಲಿನವು ರೂಟರ್ ದಾಟುವುದೇ ಇಲ್ಲ. 239.0.0 ಮತ್ತು 239.128.0 ಸಾಲೂ ಬೇಡ, ಅವುಗಳ ಮ್ಯಾಕ್ ವಿಳಾಸ (ಸ್ವಿಚ್ ನೋಡುವ ವಿಳಾಸ) 224.0.0 ಸಾಲಿನದ್ದೇ ಆಗುತ್ತದೆ, ಸ್ವಿಚ್ ಎಲ್ಲ ಪೋರ್ಟಿಗೂ ಸುರಿಯುತ್ತದೆ.

ಎರಡನೆಯದು ಟಿಟಿಎಲ್, ಅಂದರೆ ಪ್ಯಾಕೆಟ್ ಎಷ್ಟು ರೂಟರ್‌ವರೆಗೆ ಹೋಗಬಹುದು ಎಂಬ ಲೆಕ್ಕ. ಕಳಿಸುವ ಸಾಫ್ಟ್‌ವೇರ್‌ನಲ್ಲಿ ಅದು 1 ಇದ್ದರೆ ಮೊದಲ ರೂಟರ್‌ನಲ್ಲೇ ಕಥೆ ಮುಗಿಯಿತು. 16 ಮಾಡಿ, ಮುಂದೆ ಹೋಗಿ.

ಈಗ ಎಲ್ಲರೂ ಎಡವುವ ಜಾಗ. ಟಿವಿ ತನಗೆ ಬೇಕಾದ ಚಾನೆಲ್ ಕೇಳುವ ನಿಯಮವೇ ಐಜಿಎಂಪಿ. ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ ಆನ್ ಇದ್ದರೆ, ಯಾವ ಟಿವಿ ಯಾವ ಚಾನೆಲ್ ಕೇಳಿದೆ ಎಂದು ಅದು ಕದ್ದು ಕೇಳಿ ಬರೆದಿಟ್ಟುಕೊಳ್ಳುತ್ತದೆ. ಆದರೆ ಆ ಪಟ್ಟಿ ಹಾಗೇ ಉಳಿಯಲ್ಲ, ಯಾರಾದರೂ ಆಗಾಗ ‘ಇನ್ನೂ ನೋಡ್ತಿದೀರಾ?’ ಎಂದು ಕ್ಲಾಸಿನಲ್ಲಿ ಹಾಜರಿ ಕರೆದ ಹಾಗೆ ಕರೆಯುತ್ತಿರಬೇಕು. ಆ ಕೆಲಸ ಕ್ವೆರಿಯರ್‌ದು. ಐಜಿಎಂಪಿ ನಿಯಮದಲ್ಲಿ 125 ಸೆಕೆಂಡಿಗೊಮ್ಮೆ ಪ್ರಶ್ನೆ ಹೋಗುತ್ತದೆ, 260 ಸೆಕೆಂಡ್ ಉತ್ತರ ಬಾರದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಕ್ವೆರಿಯರೇ ಇಲ್ಲದಿದ್ದರೆ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ, ಹಾಗಾಗಿ ನಾಲ್ಕು ನಿಮಿಷ ಚೆನ್ನಾಗಿ ಓಡಿ ನಿಲ್ಲುತ್ತದೆ. ರೀಸ್ಟಾರ್ಟ್ ಮಾಡಿದಾಗ ಟಿವಿ ಹೊಸದಾಗಿ ಕೇಳುವುದರಿಂದ ಬರುತ್ತದೆ, ಅಷ್ಟೇ.

ಪಿಐಎಂ (ರೂಟರ್‌ಗಳು ತಮ್ಮೊಳಗೆ ಮಲ್ಟಿಕಾಸ್ಟ್ ದಾರಿ ಹೊಂದಿಸಿಕೊಳ್ಳುವ ನಿಯಮ) ಆನ್ ಇರುವ ರೂಟರ್ ಸಾಮಾನ್ಯವಾಗಿ ತಾನೇ ಕ್ವೆರಿಯರ್ ಆಗುತ್ತದೆ. ಟಿವಿಗಳನ್ನು ರೂಟರ್ ಇಲ್ಲದ ಬೇರೆ ವಿಲಾನ್‌ಗೆ (ಅದೇ ಸ್ವಿಚ್‌ಗಳಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ಹಾಕಿದಾಗಲೇ ತೊಂದರೆ. ಆಗ ಮುಖ್ಯ ಸ್ವಿಚ್‌ನಲ್ಲಿ ಆ ವಿಲಾನ್‌ಗೆ ಐಪಿ ಕೊಟ್ಟು ಕ್ವೆರಿಯರ್ ಆನ್ ಮಾಡಿ. ಇಬ್ಬರು ಕ್ವೆರಿಯರ್ ಇದ್ದರೆ ಸಣ್ಣ ಐಪಿ ಇರುವವನೇ ಗೆಲ್ಲುತ್ತಾನೆ, ಆದ್ದರಿಂದ ಯಾವುದೋ ಮೂಲೆಯ ಸ್ವಿಚ್ ಗೆಲ್ಲದಂತೆ ನೋಡಿಕೊಳ್ಳಿ. ನಂತರ ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕ್ ಸಾಫ್ಟ್‌ವೇರ್‌ನಲ್ಲಿ ‘igmp’ ಎಂದು ಫಿಲ್ಟರ್ ಹಾಕಿ ಐದು ನಿಮಿಷ ಕೂತು ನೋಡಿ, ಪ್ರಶ್ನೆ ಕಾಣಲೇಬೇಕು.

ಕೆಲವರು ಸ್ನೂಪಿಂಗ್ ಅನ್ನೇ ಆಫ್ ಮಾಡುತ್ತಾರೆ. ಬೇಡ. ತಲಾ 8 ಎಂಬಿಪಿಎಸ್‌ನ 20 ಚಾನೆಲ್ ಅಂದರೆ 160, ನಿಮ್ಮ 100ರ ಪೋರ್ಟುಗಳೆಲ್ಲ ಉಸಿರುಗಟ್ಟುತ್ತವೆ. ಸ್ನೂಪಿಂಗ್ ಇಲ್ಲದ ಅಗ್ಗದ ಸ್ವಿಚ್‌ಗೂ ಇದೇ ಗತಿ.

ಚಿತ್ರ ಒಂದು ಸಲವೂ ಬರದಿದ್ದರೆ ರೂಟರ್ ಕಡೆ ತಿರುಗಿ. ದಾರಿಯ ಪ್ರತಿ ಇಂಟರ್‌ಫೇಸ್‌ನಲ್ಲೂ ಪಿಐಎಂ ಇರಬೇಕು, ಸ್ಪಾರ್ಸ್ ಮೋಡ್ (ಕೇಳಿದ ಕಡೆಗೆ ಮಾತ್ರ ಕಳಿಸುವ ಬಗೆ) ಆದರೆ ಎಲ್ಲ ರೂಟರ್‌ಗೂ ಒಂದೇ ಆರ್‌ಪಿ, ಅಂದರೆ ಕಳಿಸುವವನೂ ಕೇಳುವವರೂ ಸಂಧಿಸುವ ರೂಟರ್, ಗೊತ್ತಿರಬೇಕು. ಇನ್ನೊಂದು ಬಲೆ ಆರ್‌ಪಿಎಫ್: ಕಳಿಸುವವನ ಕಡೆ ವಾಪಸ್ ಹೋಗುವ ದಾರಿಯಿಂದಲೇ ಪ್ಯಾಕೆಟ್ ಬಂದಿದೆಯಾ ಎಂದು ರೂಟರ್ ನೋಡುತ್ತದೆ, ಇಲ್ಲದಿದ್ದರೆ ಸದ್ದಿಲ್ಲದೆ ಎಸೆಯುತ್ತದೆ. ಎರಡು ಕಟ್ಟಡಗಳ ನಡುವೆ ಫೈಬರ್, ವೈರ್‌ಲೆಸ್ ಎರಡೂ ಇದ್ದು, ವಾಪಸ್ ದಾರಿ ಫೈಬರ್ ಮೇಲಿದ್ದು, ಪಿಐಎಂ ವೈರ್‌ಲೆಸ್‌ನಲ್ಲಿ ಮಾತ್ರ ಇದ್ದರೆ ಹೀಗಾಗುತ್ತದೆ. ಪಿಂಗ್ ಸರಿ ಬರುತ್ತಿರುತ್ತದೆ, ಮೋಸ ಹೋಗಬೇಡಿ. ಸಿಸ್ಕೊ ರೂಟರ್ ಆದರೆ ‘show ip rpf’ ಮುಂದೆ ಕಳಿಸುವವನ ಐಪಿ ಹಾಕಿ. ಸ್ಟ್ಯಾಟಿಕ್ ಎಮ್‌ರೂಟ್ (ಕೈಯಾರೆ ಬರೆದಿಡುವ ಮಲ್ಟಿಕಾಸ್ಟ್ ದಾರಿ) ಹಾಕಿ ಕೈತೊಳೆದುಕೊಳ್ಳುವ ಬದಲು ಫೈಬರ್‌ನಲ್ಲೂ ಪಿಐಎಂ ಆನ್ ಮಾಡಿ.

ವೈಫೈ ಮೇಲೆ ಮಲ್ಟಿಕಾಸ್ಟ್ ಟಿವಿ ಬೇಕು ಅಂತ ಗ್ರಾಹಕ ಹಠ ಹಿಡಿದರೆ, ಯೂನಿಕಾಸ್ಟ್‌ಗೆ (ಒಬ್ಬೊಬ್ಬರಿಗೂ ಬೇರೆ ಪ್ರತಿ) ಬದಲಿಸಿ ಕಳಿಸುವ ಸೌಲಭ್ಯ ಇರುವ ಆಕ್ಸೆಸ್ ಪಾಯಿಂಟ್ ಕೊಡಿಸಿ, ಇಲ್ಲವಾದರೆ ಕೇಬಲ್ ಎಳೆಯಿರಿ.