ಒಂದು ಲೋಟ ಕಾಫಿಗೆ ಎಷ್ಟು ಹೊತ್ತಿನ ಕುರ್ಚಿ?

ಥಾಯ್ಲೆಂಡಿನ ಚಿಯಾಂಗ್ ಮೈನಲ್ಲಿ, ಒಂದು ಕಾಫಿ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಕೂತ ನನ್ನ ಮೊದಲ ಕೆಲಸದ ದಿನ ಶುರುವಾಗುವ ಮೊದಲೇ ಮುಗಿಯುವುದರಲ್ಲಿತ್ತು. ಲ್ಯಾಪ್‌ಟಾಪ್‌ನಲ್ಲಿ 18 ಪರ್ಸೆಂಟ್ ಚಾರ್ಜ್ ಉಳಿದಿತ್ತು. ಪಕ್ಕದಲ್ಲೇ ಪ್ಲಗ್ ಪಾಯಿಂಟ್ ಇದೆ, ಆದರೆ ಪಿನ್ನು ಒಳಗೆ ಹೋಗುತ್ತಿಲ್ಲ. ಕರೆಂಟು ಹೆಚ್ಚುಕಡಿಮೆ ನಮ್ಮ ವೋಲ್ಟೇಜಿನದ್ದೇ, ಆದ್ದರಿಂದ ಏನೂ ತೊಂದರೆಯಿಲ್ಲ ಎಂದುಕೊಂಡು ಬಂದಿದ್ದೆ. ವೋಲ್ಟೇಜ್ ಒಂದೇ ಆದರೆ ಸಾಕಾ? ಅಲ್ಲಿನ ಸಾಕೆಟ್ಟಿಗೆ ಚಪ್ಪಟೆ ಪಿನ್ನೂ ಹೋಗುತ್ತದೆ, ಮೊಬೈಲ್ ಚಾರ್ಜರಿನ ಎರಡು ಸಣ್ಣ ಗುಂಡು ಪಿನ್ನೂ ಹೋಗುತ್ತದೆ. ನಮ್ಮ ಮೂರು ದಪ್ಪ ಪಿನ್ನು ಮಾತ್ರ ಇಲ್ಲ. ಕೌಂಟರಿನ ಹುಡುಗಿ ನನ್ನ ಪರದಾಟ ನೋಡಿ ಡ್ರಾಯರಿನಿಂದ ಒಂದು ಅಡಾಪ್ಟರ್ ತೆಗೆದು ಕೊಟ್ಟಳು. ಯಾರೋ ಬಿಟ್ಟು ಹೋಗಿದ್ದಂತೆ. ಆ ಅಡಾಪ್ಟರಿನ ದಾಕ್ಷಿಣ್ಯಕ್ಕೇ ಇರಬೇಕು, ಮೂರೂವರೆ ತಿಂಗಳು ಅದೇ ಅಂಗಡಿಗೆ ಅಂಟಿಕೊಂಡೆ.

ನಾನು ಮೂಡಿಗೆರೆ ಕಡೆಯವಳು. ಬೆಂಗಳೂರಿನ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ. ಮನೆಯಿಂದಲೇ ಕೆಲಸ ಮಾಡಿ ಮಾಡಿ ಗೋಡೆ ನೋಡಿ ಸಾಕಾಗಿತ್ತು. ಕಳೆದ ನವೆಂಬರಿನಲ್ಲಿ ಹೊರಟೆ, ಮಾರ್ಚ್ ಮೊದಲ ವಾರ ವಾಪಸ್ ಬಂದೆ. ಈ ತಿಂಗಳುಗಳನ್ನೇ ಆರಿಸಿದ್ದಕ್ಕೆ ಕಾರಣವಿದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಉತ್ತರ ಥಾಯ್ಲೆಂಡಿನಲ್ಲಿ ಹೊಲದ ಕೂಳೆಗೆ ಬೆಂಕಿ ಹಾಕುತ್ತಾರೆ, ಜೊತೆಗೆ ಕಾಡ್ಗಿಚ್ಚು. ಚಿಯಾಂಗ್ ಮೈ ಸುತ್ತಲೂ ಬೆಟ್ಟಗಳಿರುವ ಬೋಗುಣಿಯಂಥ ಊರು, ಹೊಗೆ ಹೊರಗೆ ಹೋಗುವುದಿಲ್ಲ. ಡಿಸೆಂಬರಿನಲ್ಲಿ ಗೆರೆ ಎಳೆದಷ್ಟು ಸ್ಪಷ್ಟವಾಗಿ ಕಾಣುತ್ತಿದ್ದ ದೋಯಿ ಸುತೇಪ್ ಬೆಟ್ಟ ನಾನು ಹೊರಡುವ ವಾರ ಇತ್ತೋ ಇಲ್ಲವೋ ಅನ್ನುವ ಹಾಗಾಗಿತ್ತು.

ವೀಸಾ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಟೂರಿಸ್ಟ್ ಎಂದು ಒಳಗೆ ಹೋಗಿ ಸುಮ್ನೆ ಲ್ಯಾಪ್‌ಟಾಪ್ ತೆರೆಯುವವರು ಬಹಳ ಜನ ಇದ್ದಾರೆ. ನನಗೆ ಆ ಧೈರ್ಯ ಇರಲಿಲ್ಲ. 2024ರ ಜುಲೈನಲ್ಲಿ ಥಾಯ್ಲೆಂಡ್ ಡಿಟಿವಿ ಎಂಬ ವೀಸಾ ಶುರು ಮಾಡಿತು. ಹೊರದೇಶದ ಕಂಪನಿಗೆ ದೂರದಿಂದ ಕೆಲಸ ಮಾಡುವವರೂ ಅದನ್ನು ಪಡೆಯಬಹುದು. ಐದು ವರ್ಷದ ವೀಸಾ, ಒಮ್ಮೆ ಒಳಗೆ ಹೋದರೆ 180 ದಿನ ಇರಬಹುದು. 5 ಲಕ್ಷ ಬಾತ್ ಉಳಿತಾಯ ತೋರಿಸಬೇಕು, ಅಂದರೆ ನಮ್ಮ ಹನ್ನೆರಡು ಲಕ್ಷದ ಮೇಲೆ. ನನ್ನ ಎಫ್‌ಡಿ ಕಾಗದಗಳೆಲ್ಲ ಆಗ ಹೊರಗೆ ಬಂದವು. ಅರ್ಜಿ ಹಾಕುವಾಗ ನಾವು ಥಾಯ್ಲೆಂಡಿನ ಹೊರಗೇ ಇರಬೇಕು. ವೀಸಾಗಿಂತ ಜಾಸ್ತಿ ತಲೆ ತಿಂದದ್ದು ನಮ್ಮ ಆಫೀಸಿನ ಸೆಕ್ಯುರಿಟಿಯವರು. ಕೆಫೆಯ ವೈ-ಫೈನಲ್ಲಿ ವಿಪಿಎನ್ ಇಲ್ಲದೆ ಒಂದು ಮೇಲ್ ಕೂಡ ತೆರೆಯಬಾರದು, ಪರದೆಗೆ ಪಕ್ಕದವರಿಗೆ ಕಾಣದಂಥ ಹಾಳೆ ಅಂಟಿಸಬೇಕು, ಎದ್ದು ಹೋಗುವಾಗ ಲಾಕ್ ಮಾಡಬೇಕು. ಬೈದುಕೊಂಡೇ ಎಲ್ಲ ಮಾಡಿದೆ. ಅವರು ಹೇಳಿದ್ದು ಸರಿಯೇ.

ಮನೆ ಸಿಕ್ಕಿದ್ದು ಸಾಂತಿತಮ್ ಬಡಾವಣೆಯಲ್ಲಿ. ನಿಮ್ಮಾನ್‌ಹೇಮಿನ್ ರಸ್ತೆ ಅಲ್ಲಿಂದ ನಡೆದು ಹೋಗುವಷ್ಟು ದೂರ, ಬಾಡಿಗೆ ಮಾತ್ರ ಅಲ್ಲಿಗಿಂತ ಕಡಿಮೆ. ನಿಮ್ಮಾನ್ ಅಂದರೆ ಕಾಫಿ ಅಂಗಡಿಗಳ ಬೀದಿ. 2017ರಲ್ಲಿ ಲ್ಯಾಟೆ ಆರ್ಟ್‌ನ, ಅಂದರೆ ಕಾಫಿಯ ನೊರೆಯಲ್ಲಿ ಚಿತ್ರ ಬಿಡಿಸುವ ಕಲೆಯ, ವಿಶ್ವ ಚಾಂಪಿಯನ್ ಆದ ಆರ್ನೊನ್ ತಿತಿಪ್ರಸರ್ತ್ ಅವರ ರಿಸ್ಟ್ರೆಟ್ಟೋ ಅಂಗಡಿ ಅಲ್ಲೇ ಇದೆ. ಅಲ್ಲಿಗೆ ಹೋಗಬೇಕು, ಕುಡಿಯಬೇಕು, ಎದ್ದು ಬರಬೇಕು. ಕೆಲಸಕ್ಕೆ ನಾನು ಹುಡುಕಿದ್ದು ಗಲ್ಲಿಯ ಅಂಗಡಿ. ಹಳೆಯ ಮರದ ಮನೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಒಟ್ಟು ಆರು ಮೇಜು. ಎಸಿ ಎಷ್ಟು ಜೋರು ಅಂದರೆ ಹೊರಗೆ ಮೂವತ್ತು ಡಿಗ್ರಿ ಇದ್ದರೂ ನಾನು ಒಳಗೆ ಸ್ವೆಟರ್ ಹಾಕಿ ಕೂರುತ್ತಿದ್ದೆ.

ಸಮಯದ ಲೆಕ್ಕ ನನ್ನ ಪಾಲಿಗೆ ಬಂಪರ್ ಲಾಟರಿ. ಅಲ್ಲಿ ನಮಗಿಂತ ಒಂದೂವರೆ ಗಂಟೆ ಮುಂದೆ. ಬೆಂಗಳೂರಿನ ಒಂಬತ್ತೂವರೆಯ ಸ್ಟ್ಯಾಂಡ್‌ಅಪ್, ಅಂದರೆ ತಂಡದ ದಿನದ ಸಣ್ಣ ಮೀಟಿಂಗ್, ನನಗೆ ಹನ್ನೊಂದಕ್ಕೆ. ಎಂಟಕ್ಕೆ ಅಂಗಡಿ ತೆರೆಯುತ್ತದೆ, ಎಂಟರಿಂದ ಹನ್ನೊಂದರವರೆಗೆ ನನ್ನನ್ನು ಕೇಳುವವರಿಲ್ಲ. ಮನೆಯಲ್ಲಿ ಇಡೀ ದಿನ ಎಳೆಯುತ್ತಿದ್ದ ಕೆಲಸ ಈ ಮೂರು ಗಂಟೆಯಲ್ಲಿ ಮುಗಿಯುತ್ತಿತ್ತು. ತೊಂದರೆ ಇರುವುದು ಆ ಕಡೆಯ ತುದಿಯಲ್ಲಿ. ಇಂಥ ಸಣ್ಣ ಅಂಗಡಿಗಳಲ್ಲಿ ಹೆಚ್ಚಿನವು ಸಂಜೆ ಐದಕ್ಕೆ ಬಾಗಿಲು ಹಾಕುತ್ತವೆ. ಬೆಂಗಳೂರಿನಲ್ಲಿ ಆಗಿನ್ನೂ ಮೂರೂವರೆ. ಇಡೀ ದಿನ ಕೆಫೆಯಲ್ಲೇ ಕೆಲಸ ಮಾಡುತ್ತೇನೆ ಎಂದು ಹೋದವರು ಇಲ್ಲೇ ಎಡವುತ್ತಾರೆ. ಒಳ್ಳೆಯ ಇಂಟರ್ನೆಟ್ ಇರುವ ರೂಮು ಬೇಕೇ ಬೇಕು. ನಾನು ಮಧ್ಯಾಹ್ನ ಹನ್ನೆರಡೂವರೆಗೆ ಅಂಗಡಿ ಬಿಟ್ಟು, ಊಟ ಮಾಡಿ, ಉಳಿದದ್ದನ್ನು ರೂಮಿನಲ್ಲೇ ಮುಗಿಸುತ್ತಿದ್ದೆ.

ಈ ಹನ್ನೆರಡೂವರೆಯ ನಿಯಮ ಮೊದಲಿನಿಂದ ಇರಲಿಲ್ಲ. ಮೊದಲ ವಾರ ನಾನು ನಾಲ್ಕು ಜನ ಕೂರುವ ಮೇಜಿನಲ್ಲಿ ಒಬ್ಬಳೇ ಕೂತು, ಒಂದು ಅಮೆರಿಕಾನೋದಲ್ಲಿ ಐದು ಗಂಟೆ ಕಳೆದಿದ್ದೇನೆ. ಅದಕ್ಕಿಂತ ದೊಡ್ಡ ತಪ್ಪು, ಅಲ್ಲೇ ಕೂತು ನಲವತ್ತು ನಿಮಿಷ ಕಾಲ್ ಮಾಡಿದ್ದು. ನಮ್ಮದು ತೋಟದ ಗಂಟಲು. ಆ ಗುಡ್ಡದಲ್ಲಿ ಕೆಲಸ ಮಾಡುವವರಿಗೆ ಈ ಗುಡ್ಡದಿಂದ ಕೇಳಬೇಕು ಎಂದು ಕೂಗಿ ಬೆಳೆದವಳು ನಾನು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರಂತೂ ನನ್ನ ದನಿ ನನಗೇ ಗೊತ್ತಾಗುವುದಿಲ್ಲ. ಯಾರೂ ಏನೂ ಅನ್ನಲಿಲ್ಲ. ಕೌಂಟರಿನ ಹುಡುಗಿ ಬಂದು ನೀರಿನ ಲೋಟ ಇಟ್ಟು ನಕ್ಕು ಹೋದಳು. ಎಷ್ಟು ಒಳ್ಳೆಯ ಹುಡುಗಿ ಎಂದುಕೊಂಡೆ. ಮರುದಿನ ಹೋದರೆ ಎಲ್ಲ ಮೇಜಿನ ಮೇಲೂ ಅಂಗೈಯಷ್ಟು ಚೀಟಿ. ಮೇಲೆ ಥಾಯ್ ಅಕ್ಷರ, ಕೆಳಗೆ ಇಂಗ್ಲಿಷಿನಲ್ಲಿ ‘ದಯವಿಟ್ಟು ಮೆಲ್ಲಗೆ ಮಾತಾಡಿ’. ಜೊತೆಗೆ ಮಲಗಿರುವ ಬೆಕ್ಕಿನ ಚಿತ್ರ.

ಆ ಚೀಟಿ ಯಾರಿಗೆ ಎಂದು ಕೇಳಬೇಕಾ? ಆರು ಮೇಜಿಗೂ ಇಟ್ಟಿದ್ದು ನನ್ನೊಬ್ಬಳ ಮುಖ ಉಳಿಸಲಿಕ್ಕೆ. ಹೋಗಿ ‘ಖೋ ಥೋತ್ ಖಾ’ ಎಂದೆ, ಕ್ಷಮಿಸಿ ಅಂತ. ಅವಳು ‘ಮೈ ಪೆನ್ ರೈ, ಪೀ’ ಎಂದು ಕೈ ಆಡಿಸಿದಳು. ಪರವಾಗಿಲ್ಲ ಅಕ್ಕ ಅನ್ನುವ ಹಾಗೆ. ವಯಸ್ಸಿಗೆ ದೊಡ್ಡವರನ್ನು ಅಲ್ಲಿ ‘ಪೀ’ ಅನ್ನುತ್ತಾರೆ, ಚಿಕ್ಕವರನ್ನು ‘ನೋಂಗ್’. ನಮ್ಮ ಅಣ್ಣ, ಅಕ್ಕ, ತಮ್ಮ, ತಂಗಿ ಇದ್ದ ಹಾಗೇ, ಅಂಗಡಿಯಲ್ಲೂ ಬಸ್ಸಿನಲ್ಲೂ ಅದೇ ಮಾತು. ಬೈದಿದ್ದರೆ ಅಂದೇ ಮರೆತುಬಿಡುತ್ತಿದ್ದೆನೋ ಏನೋ. ಆ ಬೆಕ್ಕು ಮಾತ್ರ ಇವತ್ತಿಗೂ ನೆನಪಿದೆ.

ಅಂದಿನಿಂದ ನನ್ನ ಲೆಕ್ಕ ಬದಲಾಯಿತು. ನಾನು ಕೊಡುತ್ತಿರುವುದು ಕಾಫಿಯ ದುಡ್ಡು ಮಾತ್ರ ಅಲ್ಲ, ಕುರ್ಚಿಯ ಬಾಡಿಗೆ. ಎರಡು ಗಂಟೆ ಕೂರಲು ಒಂದು ಲೋಟ. ಒಬ್ಬಳೇ ಇದ್ದರೆ ಗೋಡೆ ಪಕ್ಕದ ಸಣ್ಣ ಮೇಜು. ಹನ್ನೊಂದರ ಮೀಟಿಂಗಿಗೆ ಹಿತ್ತಲಿನ ಮಾವಿನ ಮರದ ಕೆಳಗಿನ ಬೆಂಚು, ಫೋನಿನ ಹಾಟ್‌ಸ್ಪಾಟಿನಲ್ಲಿ. ಅಂಗಡಿ ತುಂಬಿದರೆ ಕೆಲಸ ಅರ್ಧಕ್ಕಿದ್ದರೂ ಏಳುವುದು. ಬಿಸಿ ಅಮೆರಿಕಾನೋ 70 ಬಾತ್, ಪುಡಿಯ ಮೇಲೆ ಕೈಯಲ್ಲೇ ಬಿಸಿನೀರು ಸುರಿದು ಇಳಿಸುವ ಪೋರ್‌ಓವರ್ 120. ದಿನಕ್ಕೆ ಎರಡು ಲೋಟ ಹಿಡಿದರೆ ತಿಂಗಳಿಗೆ ನಾಲ್ಕು ಸಾವಿರ ಬಾತ್ ಆಸುಪಾಸು. ಅಲ್ಲೆಲ್ಲ ಕ್ಯೂಆರ್ ಸ್ಕ್ಯಾನ್ ಮಾಡಿ ಕೊಡುತ್ತಾರೆ. ಥಾಯ್ ಬ್ಯಾಂಕ್ ಖಾತೆ ಇಲ್ಲದ ನಾನು ಪರ್ಸಿನಿಂದ ನೋಟು ಎಣಿಸುತ್ತಿದ್ದೆ, ನಮ್ಮಜ್ಜಿ ಥರ.

ಇಷ್ಟು ಕೊಟ್ಟು ಕುಡಿದ ಮೇಲೆ ಕಾಫಿಯ ಬಗ್ಗೆ ಹೇಳದೆ ಇರಲಿಕ್ಕಾಗುವುದಿಲ್ಲ. ತೋಟದವರ ಮಗಳಾದರೂ ಒಳ್ಳೆಯ ಕಾಫಿ ಕುಡಿದು ಬೆಳೆದವಳಲ್ಲ ನಾನು. ಒಳ್ಳೆಯ ಬೀಜವೆಲ್ಲ ಕ್ಯೂರಿಂಗಿಗೆ ಹೋಗುತ್ತಿತ್ತು. ಉದುರಿದ್ದು, ಕಣದಲ್ಲಿ ಕೊನೆಗೆ ಗುಡಿಸಿದ್ದು ಮನೆಯ ಡಬ್ಬಿಗೆ. ಅದಕ್ಕೆ ಬೆಲ್ಲ ಹಾಕಿ ಕುದಿಸಿದರೆ ಬೀಜ ಯಾವುದಾದರೇನು!

ಇಲ್ಲಿ ಆ ಹುಡುಗಿ ಹದಿನೈದು ಗ್ರಾಂ ಪುಡಿಯನ್ನು ತಕ್ಕಡಿಯಲ್ಲಿ ತೂಗುತ್ತಾಳೆ. ಮೂಗಿನ ಹತ್ತಿರ ಹಿಡಿದು ನನಗೂ ಮೂಸಲು ಕೊಡುತ್ತಾಳೆ. ಸ್ವಲ್ಪವೇ ಬಿಸಿನೀರು ಹಾಕಿ ಅರ್ಧ ನಿಮಿಷ ಕಾಯುತ್ತಾಳೆ. ಪುಡಿ ಇಡ್ಲಿಯ ಹಾಗೆ ಉಬ್ಬುತ್ತದೆ. ಆಮೇಲೆ ದಾರದಷ್ಟು ತೆಳ್ಳಗೆ, ಸುತ್ತಿ ಸುತ್ತಿ ನೀರು. ಲೋಟದ ಜೊತೆ ಒಂದು ಕಾರ್ಡು: ಯಾವ ಬೆಟ್ಟ, ಯಾವ ತಳಿ, ಹೇಗೆ ಒಣಗಿಸಿದ್ದು.

ಬೆಟ್ಟ ಹೆಚ್ಚಾಗಿ ದೋಯಿ ಚಾಂಗ್, ದೋಯಿ ಸಕೆಟ್, ಇಲ್ಲ ದೋಯಿ ಇಂತಾನೋನ್. ಈ ಕಡೆಯ ಬೆಟ್ಟಗಳಲ್ಲಿ ಹಲವು ಒಂದು ಕಾಲಕ್ಕೆ ಅಫೀಮು ಬೆಳೆಯುತ್ತಿದ್ದ ಸೀಮೆ. 1969ರಲ್ಲಿ ರಾಜ ಭೂಮಿಬೋಲ್ ಶುರು ಮಾಡಿದ ರಾಯಲ್ ಪ್ರಾಜೆಕ್ಟ್ ಬೆಟ್ಟದ ಜನರಿಗೆ ಅಫೀಮಿನ ಬದಲು ಅರೇಬಿಕಾ ಕಾಫಿ, ಹಣ್ಣು, ತರಕಾರಿ ಬೆಳೆಯಲು ಗಿಡ ಕೊಟ್ಟು, ಮಾರಿಸಿಯೂ ಕೊಟ್ಟಿತು. ಅಖಾ, ಕರೆನ್, ಹ್ಮೋಂಗ್ ಜನರ ಊರುಗಳ ಹೆಸರು ಇವತ್ತು ಆ ಕಾರ್ಡಿನ ಮೇಲಿದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಕಾರ್ಡಿನಲ್ಲಿ ತಳಿ ‘ಕಾಟಿಮೋರ್’ ಅಂತಿತ್ತು. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಊರಲ್ಲೂ ಅದೇ ಹಣ್ಣು ಕೊಯ್ಯುವ ಕಾಲ. ಹಿತ್ತಲಿನ ಬೆಂಚಿಗೆ ಹೋಗುವಷ್ಟರಲ್ಲಿ ಫೋನ್ ಬಂತು.

“ಕಾಟಿಮೋರ್ ಅಂದ್ರೆ ನಮ್ಮ ಕಾವೇರಿನೇ ಅಲ್ವಾ ಪುಟ್ಟಿ? ಆ ಕೆಳಗಿನ ಬ್ಲಾಕಲ್ಲಿ ಹಾಕಿದ್ವಲ್ಲ. ರೇಟೆಷ್ಟು ಒಂದು ಲೋಟಕ್ಕೆ?”

“ನಮ್ಮ ಮುನ್ನೂರು ರೂಪಾಯಿ ಆಗುತ್ತೆ ಅಪ್ಪ.”

ಆ ಕಡೆ ಸದ್ದಿಲ್ಲ. ಕಣದಲ್ಲಿ ಯಾರೋ ಹಣ್ಣು ಎಳೆಯುವ ಸದ್ದು ಮಾತ್ರ ಕೇಳುತ್ತಿತ್ತು.

“ಪಾರ್ಚ್‌ಮೆಂಟಾ?”

“ಅಲ್ಲ, ಚೆರ್ರಿ. ಹಣ್ಣು ಹಾಗೇ ಒಣಗಿಸಿದ್ದು. ಇವರು ನ್ಯಾಚುರಲ್ ಅಂತಾರೆ. ತೊಳೆದಿದ್ದಕ್ಕಿಂತ ಇದಕ್ಕೇ ರೇಟ್ ಜಾಸ್ತಿ.”

ಅಪ್ಪ ಜೋರಾಗಿ ನಕ್ಕರು. ನಮ್ಮಲ್ಲಿ ಪಲ್ಪರಿಗೆ ಹಾಕಿ ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಪಾರ್ಚ್‌ಮೆಂಟಿಗೇ ಬೆಲೆ. ನೀರಿಲ್ಲದ್ದು, ಆಳು ಸಿಗದ್ದು, ಕೊನೆಯ ಕೊಯ್ಲಿನದ್ದು ಚೆರ್ರಿ ಆಗುತ್ತದೆ, ರೇಟೂ ಕೆಳಗೆ. ಅಂಥದ್ದಕ್ಕೆ ಮಗಳು ಪರದೇಶದಲ್ಲಿ ಮುನ್ನೂರು ಕೊಡುತ್ತಿದ್ದಾಳೆ.

“ಸುಮ್ನೆ ಕಣದಲ್ಲಿ ಬಿಸಾಕಿದ್ದಲ್ಲ ತಾನೇ? ಹೆಂಗೆ ಒಣಗಿಸ್ತಾರೆ ಕೇಳು ನೋಡನ.”

ಮೀಟಿಂಗಿಗೆ ಇನ್ನು ನಾಲ್ಕು ನಿಮಿಷ ಇತ್ತು. ಒಳಗೆ ಹೋಗಿ ಕೇಳಿದೆ. ಆ ಹುಡುಗಿ ಫೋನಿನಲ್ಲಿ ಫೋಟೋ ತೋರಿಸಿದಳು. ನೆಲದಿಂದ ಸೊಂಟದೆತ್ತರಕ್ಕೆ ಬಿದಿರಿನ ತಟ್ಟಿ, ಅದರ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ಹರಡಿದ ಕೆಂಪು ಹಣ್ಣು. ಕೈಯಲ್ಲಿ ಸನ್ನೆ ಮಾಡಿ, ಬೆರಳು ಎಣಿಸಿ ಹೇಳಿದಳು: ಇಪ್ಪತ್ತೈದು ದಿನ, ದಿನಕ್ಕೆ ನಾಲ್ಕು ಸಲ ಕೈಯಾಡಿಸಬೇಕು, ಕಾಯಿ, ಕಪ್ಪು ಹಣ್ಣು ಒಂದೊಂದನ್ನೂ ಹೆಕ್ಕಿ ತೆಗೆಯಬೇಕು, ರಾತ್ರಿ ಮಂಜು ಬೀಳದ ಹಾಗೆ ಮುಚ್ಚಬೇಕು.

ಬೆಂಚಿಗೆ ಓಡಿ ಬಂದು ಅಪ್ಪನಿಗೆ ಒಪ್ಪಿಸಿದೆ. ಈ ಸಲ ನಗಲಿಲ್ಲ. ಬಾಯಲ್ಲೇ ಏನೋ ಲೆಕ್ಕ ಹಾಕುತ್ತಿದ್ದರು.

“ಇಪ್ಪತ್ತೈದು ದಿನ, ಎರಡಾಳು. ಹೆಕ್ಕಕ್ಕೆ ಬೇರೆ ಕೂಲಿ... ಮುನ್ನೂರು ಜಾಸ್ತಿ ಏನಲ್ಲ ಬಿಡು ಪುಟ್ಟಿ. ಕೊಡು.”